ಹಳೇ ಕಾರು ಕೊಳ್ಳುವ ಮೊದಲು ಬಾನೆಟ್ ಮುಟ್ಟಿ ನೋಡಿ

ಗ್ಯಾರೇಜ್ ಕಟ್ಟೆ: ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಪ್ರಶ್ನೆ: ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದೇನೆ. ಮನೆಯಲ್ಲಿ ನಾವಿಬ್ಬರು, ಎರಡು ಮಕ್ಕಳು, ಮಂಡಿನೋವಿರುವ ಅತ್ತೆ. ದಿನದ ಓಡಾಟಕ್ಕೆ ಸ್ಕೂಟರ್ ಸಾಕು. ಕಾರು ಬೇಕಿರುವುದು ತಿಂಗಳಿಗೆ ಒಂದೆರಡು ಸಲ ಶಿವಮೊಗ್ಗದ ಆಸ್ಪತ್ರೆಗೆ, ಹಬ್ಬಕ್ಕೆ ಹೊನ್ನಾವರದ ತವರಿಗೆ, ಮತ್ತೆ ಮಳೆಗಾಲಕ್ಕೆ. ಕೈಯಲ್ಲಿ ಮೂರೂವರೆ ಲಕ್ಷವಿದೆ. ಮೂರು ಕಾರು ಕಣ್ಣಿಗೆ ಬಿದ್ದಿವೆ. ಶಿವಮೊಗ್ಗದಲ್ಲಿ 2016ರ ವ್ಯಾಗನ್‌ಆರ್ ಪೆಟ್ರೋಲ್, ಎರಡನೇ ಓನರ್, 41,000 ಕಿ.ಮೀ., 3.40 ಲಕ್ಷ ಹೇಳುತ್ತಾರೆ. ಮಂಗಳೂರಿನಲ್ಲಿ 2014ರ ಗ್ರ್ಯಾಂಡ್ ಐ10 ಪೆಟ್ರೋಲ್, ಒಬ್ಬರೇ ಓನರ್, 55,000 ಕಿ.ಮೀ., 3.10 ಲಕ್ಷ. ಬೆಂಗಳೂರಿನ ಡೀಲರ್ ಹತ್ತಿರ 2015ರ ಎಟಿಯೋಸ್ ಲಿವಾ ಡೀಸೆಲ್, ಬಿಳಿ ಬಣ್ಣ, 62,000 ಕಿ.ಮೀ., 2.75 ಲಕ್ಷ. ಭಾವ ‘ಟೊಯೋಟಾ ತಗೋ, ಡೀಸೆಲ್ ತಗೋ, ಜನ್ಮಕ್ಕೂ ಕೈ ಕೊಡಲ್ಲ’ ಅನ್ನುತ್ತಾರೆ. ನಿಜಕ್ಕೂ ಕೈ ಕೊಡದ ಕಾರು ಇವುಗಳಲ್ಲಿ ಯಾವುದು?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಮೇಡಂ, ಮೂರೂ ಒಳ್ಳೆಯ ಮಾಡೆಲ್‌ಗಳೇ. ಹೊಸದರಲ್ಲಿ ಕೇಳಿದ್ದರೆ ಯಾವುದಕ್ಕೂ ಬೇಡ ಅನ್ನುತ್ತಿರಲಿಲ್ಲ. ಆದರೆ ಹತ್ತು ವರ್ಷ ಓಡಿದ ಮೇಲೆ ಕಂಪನಿ ಹೆಸರಿಗಿಂತ ಆ ಒಂದು ಕಾರು ಎಲ್ಲಿತ್ತು, ಯಾರ ಕೈಲಿತ್ತು ಅನ್ನುವುದೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ‘ಯಾವ ಕಾರು ಕೈ ಕೊಡಲ್ಲ’ ಅಂತ ಕೇಳಬೇಡಿ. ‘ಈ ಕಾರು ಇನ್ನೆರಡು ವರ್ಷದಲ್ಲಿ ನನ್ನ ಹತ್ತಿರ ಏನೇನು ಖರ್ಚು ಮಾಡಿಸುತ್ತದೆ’ ಅಂತ ಕೇಳಿ. ಅದಕ್ಕೆ ಉತ್ತರ ಕಾರಿನ ಮೈಮೇಲೇ ಇರುತ್ತದೆ.

ಮೊದಲು ಭಾವನವರ ಡೀಸೆಲ್ ಮುಗಿಸೋಣ. ನಿಮ್ಮ ಓಡಾಟ ತಿಂಗಳಿಗೆ ಐನೂರು ಕಿಲೋಮೀಟರ್ ಆದರೆ ಹೆಚ್ಚು. ಇಷ್ಟಕ್ಕೆ ಡೀಸೆಲ್ ಕಾರಿನಿಂದ ವರ್ಷಕ್ಕೆ ಎಂಟೊಂಬತ್ತು ಸಾವಿರ ಉಳಿದೀತು. ಹಳೇ ಡೀಸೆಲ್ ಇಂಜಿನ್ನಿನ ಇಂಜೆಕ್ಟರೋ ಟರ್ಬೋ ಒಮ್ಮೆ ಕೆಟ್ಟರೆ ಆ ಉಳಿತಾಯವೆಲ್ಲ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ. ಡೀಸೆಲ್ ಕಾರು ದಿನಾ ದೂರ ಓಡುವವರಿಗೆ. ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸುವವರಿಗಲ್ಲ.

ಲಿವಾ ಬಗ್ಗೆ ಇನ್ನೊಂದು ಮಾತು. ಎಟಿಯೋಸ್, ಲಿವಾ ಎರಡೂ ನಮ್ಮ ಬಿಡದಿಯಲ್ಲೇ ತಯಾರಾದವು. 2020ರಲ್ಲಿ ನಿಂತವು. ಗಟ್ಟಿ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಆ ಗಟ್ಟಿತನಕ್ಕೇ ಎಟಿಯೋಸ್ ಟ್ಯಾಕ್ಸಿಯವರ ಅಚ್ಚುಮೆಚ್ಚಿನ ಗಾಡಿಯಾಯಿತು. ಲಿವಾಗಳೂ ಒಂದಷ್ಟು ಹಳದಿ ಬೋರ್ಡಿನಲ್ಲಿ ದುಡಿದಿವೆ. ಬಿಳಿ ಬಣ್ಣ, ಡೀಸೆಲ್, ಬೆಂಗಳೂರು, ಬೆಲೆ ಕಡಿಮೆ: ಇಷ್ಟು ಒಟ್ಟಿಗೆ ಬಂದರೆ ನನಗೆ ಅನುಮಾನ ಶುರುವಾಗುತ್ತದೆ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾಯಿಸಿ ಮಾರುವುದು ಕಾನೂನುಬದ್ಧವೇ, ತಪ್ಪೇನಿಲ್ಲ. ಮುಚ್ಚಿಟ್ಟು ಮಾರುವುದು ತಪ್ಪು. ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಗಾಡಿಯ ನೋಂದಣಿ ದಾಖಲೆಯ ಪ್ರತಿ ತೆಗೆಸಿ ನೋಡಿ, ಗಾಡಿಯ ಹಳೆಯ ಜಾತಕ ಸಿಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಮೊಬೈಲ್ ಸ್ಟ್ಯಾಂಡೋ ಮೀಟರೋ ಕೂರಿಸಿದ್ದ ಸ್ಕ್ರೂ ತೂತುಗಳಿವೆಯಾ, ಹಿಂದಿನ ಸೀಟು ಮುಂದಿನದಕ್ಕಿಂತ ಜಾಸ್ತಿ ಸವೆದಿದೆಯಾ ನೋಡಿ. ಮನೆ ಕಾರಿನಲ್ಲಿ ಸವೆಯುವುದು ಡ್ರೈವರ್ ಸೀಟು. ಟ್ಯಾಕ್ಸಿಯಲ್ಲಿ ಹಿಂದಿನ ಸೀಟೂ ಸವೆಯುತ್ತದೆ.

ಮಂಗಳೂರಿನ ಐ10 ಬಗ್ಗೆ ನನಗೆ ಹೆದರಿಕೆ ಇಂಜಿನ್ನಿನದಲ್ಲ. ಆ 1.2 ಲೀಟರ್ ಕಪ್ಪಾ ಇಂಜಿನ್ ಚೆನ್ನಾಗಿದೆ, ಟೈಮಿಂಗ್ ಚೈನ್ ಇರುವುದರಿಂದ ಬೆಲ್ಟ್ ಬದಲಾಯಿಸುವ ಖರ್ಚೂ ಇಲ್ಲ. ಹೆದರಿಕೆ ಕಡಲಿನದು. ಉಪ್ಪುಗಾಳಿ ಮೇಲಿನ ಬಣ್ಣಕ್ಕೆ ಏನೂ ಮಾಡದೆ ಕೆಳಗಿನಿಂದ ತಿನ್ನುತ್ತಾ ಬರುತ್ತದೆ. ಕಾರನ್ನು ಯಾವುದಾದರೂ ಗ್ಯಾರೇಜಿನ ಲಿಫ್ಟ್ ಮೇಲೆ ಏರಿಸದೆ ಒಪ್ಪಬೇಡಿ. ಸೈಲೆನ್ಸರ್, ಬ್ರೇಕ್ ಪೈಪು, ಪೆಟ್ರೋಲ್ ಟ್ಯಾಂಕ್ ಕಟ್ಟಿದ ಪಟ್ಟಿ, ಬಾಗಿಲುಗಳ ಕೆಳ ಅಂಚು, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೆಳಗಿನ ಗುಂಡಿ ಇಷ್ಟನ್ನೂ ನೋಡಿ. ಮೇಲ್ಮೇಲೆ ಕಂದು ಹುಡಿ ಇದ್ದರೆ ಪರವಾಗಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಪದರ ಏಳುತ್ತಿದ್ದರೆ ಬಿಟ್ಟುಬಿಡಿ. ಕೆಳಗೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೂ ಅನುಮಾನಪಡಿ. ಮಾರುವ ವಾರ ಯಾರೂ ಸುಮ್ನೆ ಹಣ ಹಾಕಿ ಕೋಟಿಂಗ್ ಹೊಡೆಸುವುದಿಲ್ಲ.

ಇನ್ನು ವ್ಯಾಗನ್‌ಆರ್. ನಿಮ್ಮ ಮನೆಗೆ ನಾನು ಹೇಳುವುದು ಇದನ್ನೇ. ಮುಖ್ಯ ಕಾರಣ ನಿಮ್ಮ ಅತ್ತೆ. ಸೀಟು ಎತ್ತರಕ್ಕಿದೆ, ಬಾಗಿಲು ದೊಡ್ಡದು, ಕುರ್ಚಿಗೆ ಕೂತಂತೆ ಕೂರಬಹುದು. ತಗ್ಗಿನ ಕಾರಿನಿಂದ ಏಳುವಾಗ ಮಂಡಿ ಎಷ್ಟು ನೋಯುತ್ತದೆ ಅಂತ ಅವರನ್ನೇ ಕೇಳಿ. ನೋಡಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಎರಡು ಮೂರು ಸಲ ಹತ್ತಿ ಇಳಿಯಲಿ. ಇಂಜಿನ್ 998 ಸಿಸಿಯ ಕೆ10, ಮೂರು ಸಿಲಿಂಡರ್, ಇದಕ್ಕೂ ಚೈನೇ. ಸಾಗರದ ಯಾವ ಮೆಕ್ಯಾನಿಕ್ಕಿಗೂ ಇದರ ಕೆಲಸ ಗೊತ್ತು. ಮಳೆಗಾಲದಲ್ಲಿ ರಾತ್ರಿ ಕಾರು ನಿಂತರೆ ನಿಮಗೆ ಬೇಕಾಗುವುದು ಅದೇ ಅಲ್ವಾ?

ಕೊರತೆಗಳೂ ಇವೆ. ಡಿಕ್ಕಿ 180 ಲೀಟರ್ ಅಷ್ಟೇ. ಐದು ಜನ ಕೂತು ಹೊನ್ನಾವರಕ್ಕೆ ಹೊರಟರೆ ಎರಡು ಬ್ಯಾಗ್ ಹಿಡಿಸೀತು. ಐ10, ಲಿವಾಗಳಲ್ಲಿ 250 ಲೀಟರ್ ಮೇಲಿದೆ. ಅದಕ್ಕಿಂತ ದೊಡ್ಡ ಕೊರತೆ ಸುರಕ್ಷತೆಯದು. ಎಲ್ಲ ಹೊಸ ಕಾರುಗಳಿಗೂ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಗಿದ್ದು 2019ರಲ್ಲಿ. ಅದಕ್ಕೂ ಮುಂಚಿನ ವ್ಯಾಗನ್‌ಆರ್‌ಗಳಲ್ಲಿ ಎಷ್ಟೋ ವೇರಿಯಂಟ್‌ಗಳಿಗೆ ಎರಡೂ ಇರಲಿಲ್ಲ. ನೀವು ನೋಡಿದ ಕಾರಿನಲ್ಲಿ ಇವೆಯಾ ಕೇಳಿ. ಇಲ್ಲದಿದ್ದರೆ, ಗೇರುಸೊಪ್ಪ ಘಾಟಿ ಇಳಿಯುವವರು ನೀವು, ಇರುವಂಥದ್ದನ್ನು ಹುಡುಕಲು ಒಂದೆರಡು ತಿಂಗಳು ಕಾಯಿರಿ ಅನ್ನುತ್ತೇನೆ. ಬೇರೆ ಯಾವುದಕ್ಕೂ ಕಾಯಬೇಡಿ, ಇದಕ್ಕೆ ಕಾಯಿರಿ.

ಈಗ ನೋಡುವ ಕ್ರಮ. ಬೆಳಿಗ್ಗೆ ಬೇಗ ಹೋಗಿ. ‘ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಅಂತ ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಮಾತಿಗಿಂತ ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಒಂದು ನಮಸ್ಕಾರ ಹಾಕಿ, ತಿಂಡಿ ತಿಂದು, ಇನ್ನೊಂದು ದಿನ ಬರುತ್ತೇವೆ ಅನ್ನಿ. ಬ್ಯಾಟರಿ ಸೋತಿರುವುದು, ಆಯಿಲ್ ಸುಡುತ್ತಿರುವುದು, ಚೈನ್ ಸಡಿಲವಾಗಿರುವುದು ಎಲ್ಲ ಗೊತ್ತಾಗುವುದು ತಣ್ಣಗಿನ ಇಂಜಿನ್ ಮೊದಲ ಸಲ ಹೊತ್ತಿಕೊಂಡಾಗ. ಸ್ಟಾರ್ಟ್ ಮಾಡುವಾಗ ನಿಮ್ಮವರೊಬ್ಬರು ಸೈಲೆನ್ಸರ್ ಹಿಂದೆ ನಿಂತಿರಲಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ ಅಂತ ಅರ್ಥ. ಬಿಳಿ ಆವಿ ಚಳಿ ಬೆಳಿಗ್ಗೆ ಸಹಜ, ಬಿಸಿಯಾದ ಮೇಲೂ ನಿಲ್ಲದಿದ್ದರೆ ಇಂಜಿನ್ ತಣ್ಣಗಿಡುವ ಕೂಲಂಟ್ ಸಿಲಿಂಡರಿನ ಒಳಗೆ ಹೋಗುತ್ತಿದೆ. ಮೂರು ಸಿಲಿಂಡರ್ ಗಾಡಿ ನಿಂತಲ್ಲೇ ಸ್ವಲ್ಪ ನಡುಗುತ್ತದೆ, ಅದಕ್ಕೆ ಗಾಬರಿ ಬೇಡ.

ಆಯಿಲ್ ಮುಚ್ಚಳ ತೆಗೆದು ನೋಡಿದಾಗ ಒಳಗೆ ಕೆನೆಯಂಥದ್ದು ಅಂಟಿದ್ದರೆ ‘ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನೊಳಗೆ ಆಯಿಲ್, ಕೂಲಂಟ್ ಬೆರೆಯದಂತೆ ತಡೆಯುವ ಸೀಲ್) ಹೋಗಿದೆ’ ಅಂತ ಇಂಟರ್‌ನೆಟ್ಟಿನಲ್ಲಿ ಓದಿರುತ್ತೀರಿ. ನಮ್ಮ ಮಲೆನಾಡಿನಲ್ಲಿ ಅಷ್ಟು ಬೇಗ ತೀರ್ಮಾನಿಸಬೇಡಿ. ಮಳೆಗಾಲದಲ್ಲಿ ಎರಡೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ತೇವಕ್ಕೇ ಹಾಗಾಗುತ್ತದೆ. ಕೂಲಂಟ್ ಡಬ್ಬಿಯನ್ನೂ ನೋಡಿ. ಅದರಲ್ಲೂ ಎಣ್ಣೆ ತೇಲುತ್ತಿದ್ದರೆ, ಡಿಪ್‌ಸ್ಟಿಕ್ ಆಯಿಲ್ ಹಾಲು ಬೆರೆಸಿದ ಹಾಗಿದ್ದರೆ ಆಗ ಎದ್ದು ಬನ್ನಿ. ಕೂಲಂಟಿನ ಬದಲು ತುಕ್ಕುಬಣ್ಣದ ನೀರಿದ್ದರೆ ಯಾರೋ ಬಾವಿ ನೀರು ತುಂಬಿಸುತ್ತಾ ಬಂದಿದ್ದಾರೆ. ಅಂಥವರು ಆಯಿಲನ್ನೂ ಹೊತ್ತಿಗೆ ಸರಿಯಾಗಿ ಬದಲಾಯಿಸಿರುವುದಿಲ್ಲ.

41,000 ಕಿ.ಮೀ. ನಿಜವಾ? ಮೀಟರ್ ಹಿಂದಕ್ಕೆ ತಿರುಗಿಸುವುದು ಈಗ ಲ್ಯಾಪ್‌ಟಾಪ್ ಇದ್ದರೆ ಕೆಲವೇ ನಿಮಿಷದ ಕೆಲಸ. ಆದರೆ ಟಯರಿನ ಮೇಲಿನ ತಾರೀಖು ತಿರುಗಿಸಲು ಆಗುವುದಿಲ್ಲ. ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 1516 ಅಂತಿದ್ದರೆ 2016ರ 15ನೇ ವಾರ ತಯಾರಾದದ್ದು. ಕಾರಿನ ಜೊತೆ ಬಂದ ಟಯರುಗಳೇ ಇದ್ದರೆ 41,000 ನಂಬಬಹುದು, ಆದರೆ ಅಷ್ಟು ಹಳೆಯ ರಬ್ಬರನ್ನು ನೀವು ಮೊದಲ ತಿಂಗಳೇ ಬದಲಾಯಿಸಬೇಕು, ಬೆಲೆಯಲ್ಲಿ ಅದನ್ನು ಕಳೆಯಿರಿ. ನಾಲ್ಕೂ 2020ರ ಟಯರಾಗಿ, ಅವೂ ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಕ್ಲಚ್, ಬ್ರೇಕ್ ಪೆಡಲ್‌ಗಳ ರಬ್ಬರ್ ನುಣುಪಾಗಿದೆಯಾ, ಸ್ಟೀರಿಂಗ್ ಹೊಳೆಯುತ್ತಿದೆಯಾ ನೋಡಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಗಾಡಿ ನಂಬರ್ ಕೊಟ್ಟು ಹಳೆಯ ಸರ್ವಿಸ್ ವಿವರ ಕೇಳಿ. ಓನರ್ ಜೊತೆ ಹೋದರೆ ಇನ್ನೂ ಸಲೀಸು. ಪ್ರತಿ ಸರ್ವಿಸ್‌ನಲ್ಲೂ ಮೀಟರ್ ಎಷ್ಟಿತ್ತು ಅಂತ ಅಲ್ಲಿ ಬರೆದಿರುತ್ತದೆ.

ಆಕ್ಸಿಡೆಂಟ್ ಆಗಿದೆಯಾ ಅಂತ ತಿಳಿಯಲು ಬಣ್ಣ ನೋಡುತ್ತಾ ನಿಲ್ಲಬೇಡಿ. ಬಾನೆಟ್ ಹಿಂಜ್‌ನ ಬೋಲ್ಟುಗಳನ್ನು ನೋಡಿ. ತಲೆಯ ಬಣ್ಣ ಕಿತ್ತಿದ್ದರೆ ಸ್ಪ್ಯಾನರ್ ಬಿದ್ದಿದೆ. ಎಲ್ಲ ಗಾಜುಗಳ ಮೂಲೆಯಲ್ಲೂ ಒಂದೇ ಕಂಪನಿಯ ಗುರುತು, ಒಂದೇ ಕಾಲದ ಕೋಡ್ ಇರಬೇಕು. ಒಂದು ಮಾತ್ರ ಬೇರೆಯಿದ್ದರೆ ಅದು ಯಾಕೆ ಒಡೆಯಿತು ಅಂತ ಕೇಳಿ. ಬಂಪರ್ ಪೇಂಟ್ ಆಗಿರುವುದು, ಬಾಗಿಲಿಗೆ ಪುಟ್ಟಿ ಹಿಡಿದಿರುವುದು ನಮ್ಮ ರಸ್ತೆಗಳಲ್ಲಿ ಮಾಮೂಲಿ, ಚೌಕಾಸಿಗೆ ಉಪಯೋಗಕ್ಕೆ ಬರುತ್ತದೆ. ಇಂಜಿನ್ ಅಕ್ಕಪಕ್ಕದ ತಗಡು (ಏಪ್ರನ್), ಬಾಗಿಲ ಪಿಲ್ಲರ್‌ಗಳಲ್ಲಿ ಕೈವೆಲ್ಡಿಂಗ್ ಕಂಡರೆ ಅಂಥ ಕಾರು ಎಷ್ಟು ಅಗ್ಗಕ್ಕೆ ಬಂದರೂ ಬೇಡ.

ಕೊನೆಗೆ ಓಡಿಸಿ. ಮುಖ್ಯವಾಗಿ ಏರಿನಲ್ಲಿ. ಮೂರನೇ ಗೇರಿನಲ್ಲಿ ಆಕ್ಸಿಲೇಟರ್ ಒತ್ತಿದಾಗ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಘಾಟಿ ಊರಿನ ಕಾರುಗಳಲ್ಲಿ ಕಿಲೋಮೀಟರ್ ಕಡಿಮೆಯಿದ್ದರೂ ಕ್ಲಚ್ ಸೋತಿರುತ್ತದೆ. ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಚಲಿಸಿ, ಕಟಕಟ ಸದ್ದು ಬಂದರೆ ಡ್ರೈವ್ ಶಾಫ್ಟ್ ಜಾಯಿಂಟ್ ಹೋಗಿದೆ. ಹಂಪ್ ಮೇಲೆ ಮುಂದಿನಿಂದ ಲೊಡಲೊಡ ಅಂದರೆ ಲೋವರ್ ಆರ್ಮ್ ಬುಶ್ಶೋ ಲಿಂಕ್ ರಾಡೋ ಇರಬೇಕು, ಅದು ಸಣ್ಣ ಕೆಲಸ.

ಬೆಲೆ 3.40 ಜಾಸ್ತಿಯೇ. ಹೊಸ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿಯಿತಲ್ಲ, ಹೊಸದರ ಬೆಲೆ ಇಳಿದ ಮೇಲೆ ಹಳೆಯದರದ್ದೂ ಇಳಿಯಬೇಕು. ಮಾರುವವರಿಗೆ ಇದನ್ನು ನೆನಪಿಸಿ. ನಿಮ್ಮ ಮೂರೂವರೆ ಲಕ್ಷದಲ್ಲಿ ಮೂರು ಲಕ್ಷಕ್ಕೆ ಕಾರು ಮುಗಿಸಿ, ಐವತ್ತು ಸಾವಿರ ಎತ್ತಿಡಿ. ಟಯರ್, ಬ್ಯಾಟರಿ, ಎಲ್ಲ ಆಯಿಲ್, ಇನ್ಶೂರೆನ್ಸ್, ಬೇಕಾದರೆ ಕ್ಲಚ್, ಎಲ್ಲ ಅದರಲ್ಲೇ ಆಗಬೇಕು. ಇನ್ಶೂರೆನ್ಸ್ ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಿ. ಹಳೆಯ ಓನರ್‌ನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನಿಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ. ಕಾರಿನ ಮೇಲೆ ಸಾಲ ಇತ್ತೆಂದು ಆರ್‌ಸಿಯಲ್ಲಿದ್ದರೆ, ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಅಡ್ವಾನ್ಸ್ ಕೂಡ ಕೊಡಬೇಡಿ.

ಪ್ರಶ್ನೆ: ದೆಹಲಿ ನೋಂದಣಿಯ 2017ರ ಸ್ವಿಫ್ಟ್ ಡೀಸೆಲ್ ಇಲ್ಲಿ ಒಬ್ಬರ ಹತ್ತಿರ ಇದೆ. ಕೆಎ ನಂಬರಿನ ಗಾಡಿಗಿಂತ ಲಕ್ಷ ರೂಪಾಯಿ ಕಡಿಮೆ. ಇಷ್ಟು ಅಗ್ಗ ಯಾಕೆ? ಏನಾದರೂ ಮೋಸವಾ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಮೋಸವೇ ಇರಬೇಕೆಂದೇನಿಲ್ಲ ಸರ್. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂತು. ಹಸಿರು ನ್ಯಾಯಮಂಡಳಿ ಆದೇಶ, 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶ, ಹೀಗೆ. ಹಾಗಾಗಿ ಹತ್ತು ವರ್ಷದ ಹತ್ತಿರ ಬಂದ ಡೀಸೆಲ್ ಕಾರಿಗೆ ಅಲ್ಲಿ ಬೆಲೆ ಬಿದ್ದುಹೋಯಿತು, ಬೇರೆ ರಾಜ್ಯಕ್ಕೆ ಸಾಗಿಸತೊಡಗಿದರು. ಆದರೆ ಆ ಲಕ್ಷ ರೂಪಾಯಿ ನಿಮ್ಮ ಜೇಬಿನಲ್ಲಿ ಉಳಿಯುವುದಿಲ್ಲ. ಕರ್ನಾಟಕದ ಜೀವಾವಧಿ ತೆರಿಗೆಯನ್ನು ಗಾಡಿಯ ವಯಸ್ಸಿಗೆ ತಕ್ಕಂತೆ ಮತ್ತೆ ಕಟ್ಟಬೇಕು, ಹನ್ನೆರಡು ತಿಂಗಳೊಳಗೆ ಕೆಎ ನಂಬರ್ ಹಾಕಿಸಬೇಕು. ಮೊದಲು ನಿಮ್ಮ ಆರ್‌ಟಿಒದಲ್ಲಿ ತೆರಿಗೆ ಎಷ್ಟಾಗುತ್ತದೆ ಅಂತ ಬರೆಸಿಕೊಳ್ಳಿ, ಆಮೇಲೆ ಚೌಕಾಸಿ ಮಾಡಿ. ದೆಹಲಿ ಆರ್‌ಟಿಒ ಕೊಟ್ಟ ಎನ್‌ಒಸಿ, ಅಂದರೆ ಫಾರಂ 28, ಕಲಬುರಗಿಯ ಹೆಸರಿಗೇ ಇರಬೇಕು. ‘ಎನ್‌ಒಸಿ ಆಮೇಲೆ ತರಿಸಿಕೊಡ್ತೀನಿ’ ಅಂದರೆ ಅಲ್ಲಿಗೇ ಕೈಮುಗಿಯಿರಿ.

ಪ್ರಶ್ನೆ: ನನ್ನ ಹಳೆಯ ಆಲ್ಟೊ ಮಾರಿ ವರ್ಷವಾಯಿತು. ಫಾರಂಗಳಿಗೆ ಸಹಿ ಮಾಡಿ ಕೊಟ್ಟೆ, ಪೂರ್ತಿ ದುಡ್ಡೂ ಬಂತು. ಕೊಂಡವರು ಇನ್ನೂ ಹೆಸರು ಬದಲಾಯಿಸಿಲ್ಲ. ಟ್ರಾಫಿಕ್ ದಂಡದ ಮೆಸೇಜುಗಳು ನನ್ನ ಮೊಬೈಲಿಗೇ ಬರುತ್ತಿವೆ. ದಂಡ ಕಟ್ಟಿದರೆ ಮುಗಿಯಿತಾ?
– ಓದುಗರೊಬ್ಬರು, ತುಮಕೂರು

ಉತ್ತರ: ದಂಡ ಸಣ್ಣ ವಿಷಯ ಸರ್. ಆ ಕಾರು ಯಾರಿಗಾದರೂ ಗುದ್ದಿದರೆ? ಇನ್ಶೂರೆನ್ಸ್ ಇಲ್ಲದೆ ಗುದ್ದಿದರೆ? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಓನರ್ ಅಂತ ಸುಪ್ರೀಂ ಕೋರ್ಟ್ 2018ರ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಪರಿಹಾರದ ಹೊರೆ ನಿಮ್ಮ ತಲೆಗೆ ಬರುತ್ತದೆ.

ಇವತ್ತೇ ಸಾರಿಗೆ ಇಲಾಖೆಯ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ನೋಡಿ. ಕೊಂಡವರಿಗೆ ಫೋನ್ ಮಾಡಿ ಒಂದು ವಾರ ಗಡುವು ಕೊಡಿ, ಅದನ್ನೇ ಮೆಸೇಜಿನಲ್ಲೂ ಬರೆಯಿರಿ. ಆಗಲಿಲ್ಲ ಅಂದರೆ ಡೆಲಿವರಿ ಕೊಟ್ಟ ದಿನದ ಪತ್ರ, ಅವರ ಆಧಾರ್ ಪ್ರತಿ, ಹಣ ಬಂದ ಬ್ಯಾಂಕ್ ದಾಖಲೆ ಎಲ್ಲ ಇಟ್ಟು ಆರ್‌ಟಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಅವರು ಪತ್ತೆಯೇ ಇಲ್ಲವೆಂದರೆ ಪೊಲೀಸ್ ಠಾಣೆಗೂ ಒಂದು ದೂರು ಕೊಡಿ. ಮಾರಿದ ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರುವವರ ಕೆಲಸ, ಅದಕ್ಕೇ ಫಾರಂ 29 ಇರುವುದು. ಸಹಿ ಮಾಡಿ ಕೊಂಡವರ ಕೈಗೆ ಕೊಟ್ಟರೆ ತಿಳಿಸಿದಂತಾಗುವುದಿಲ್ಲ. ಡೀಲರಿಗೆ ಮಾರುವುದಾದರೆ, 2023ರ ಏಪ್ರಿಲ್‌ನಿಂದ ಹೊಸ ನಿಯಮವಿದೆ. ಆರ್‌ಟಿಒದಿಂದ ಅಧಿಕೃತ ಪರವಾನಗಿ ಪಡೆದ ಡೀಲರಿಗೆ ಗಾಡಿ ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲಿ ದಾಖಲಿಸಿದರೆ ಆವತ್ತಿನಿಂದ ಜವಾಬ್ದಾರಿ ಅವರದು. ಪರವಾನಗಿ ತೋರಿಸಿ ಅಂತ ಕೇಳಲು ಸಂಕೋಚಪಡಬೇಡಿ.

ಪ್ರಶ್ನೆ: ಅಮ್ಮ ಐವತ್ತೆಂಟನೇ ವಯಸ್ಸಿಗೆ ಡ್ರೈವಿಂಗ್ ಕಲಿಯುತ್ತಿದ್ದಾರೆ. ಅವರಿಗಾಗಿ 2017ರ ಸೆಲೆರಿಯೊ ಎಎಂಟಿ ನೋಡಿದ್ದೇವೆ. ಕ್ಲಚ್ ಪೆಡಲ್ ಇಲ್ಲದ್ದರಿಂದ ಕ್ಲಚ್ ಖರ್ಚೂ ಇಲ್ಲ ಅಂತ ಮಾರುವವರು ಹೇಳುತ್ತಾರೆ. ನಿಜವಾ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಪೆಡಲ್ ಮಾತ್ರ ಇಲ್ಲ, ಕ್ಲಚ್ ಇದೆ. ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ. ಕಾಲು ಮಾಡುವ ಕೆಲಸವನ್ನು ಆಕ್ಚುಯೇಟರ್ ಮಾಡುತ್ತದೆ. ಹಾಗಾಗಿ ಕ್ಲಚ್ ಪ್ಲೇಟ್ ಸವೆಯುತ್ತದೆ, ಜೊತೆಗೆ ಆಕ್ಚುಯೇಟರ್ ಅನ್ನುವ ದುಬಾರಿ ಸಾಮಾನು ಬೇರೆ. ಆದರೂ ಅಮ್ಮನಿಗೆ ಅದನ್ನೇ ಕೊಡಿಸಿ, ಅವರ ವಯಸ್ಸಿನಲ್ಲಿ ಕಲಿಯುವವರಿಗೆ ಇದಕ್ಕಿಂತ ಸುಲಭದ್ದು ಈ ಬೆಲೆಯಲ್ಲಿಲ್ಲ. ತಗೊಳ್ಳುವ ಮೊದಲು ಬಿಸಿ ಇಂಜಿನ್ನಿನಲ್ಲಿ ಜನಸಂದಣಿಯ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಸಣ್ಣ ತಡವರಿಕೆ ಎಲ್ಲ ಎಎಂಟಿಗೂ ಇದೆ. ಜೋರಾಗಿ ಎಳೆದು ಬಿಟ್ಟ ಹಾಗಾದರೆ, ನಿಂತಲ್ಲಿಂದ ಹೊರಡುವಾಗ ನಡುಗಿದರೆ, ‘ಎನ್’ಗೆ ತಾನಾಗಿಯೇ ಜಾರಿದರೆ ಬೇಡ. ಕಂಪನಿ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿಸಿ ಕ್ಲಚ್ ಎಷ್ಟು ಉಳಿದಿದೆ ಅಂತ ಕೇಳಿ.

ಅಮ್ಮನಿಗೆ ಒಂದು ಅಭ್ಯಾಸ ಈಗಲೇ ಮಾಡಿಸಿ. ಚಿಕ್ಕಮಗಳೂರಿನ ಏರುಗಳಲ್ಲಿ ಕಾರನ್ನು ಆಕ್ಸಿಲೇಟರಿನಿಂದ ಹಿಡಿದು ನಿಲ್ಲಿಸಬಾರದು, ಕ್ಲಚ್ ಸುಟ್ಟುಹೋಗುತ್ತದೆ. ಬ್ರೇಕ್ ಬಿಟ್ಟ ಕೂಡಲೇ ಕಾರು ಒಂದಿಷ್ಟು ಹಿಂದೆ ಜಾರುತ್ತದೆ, ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಆಕ್ಸಿಲೇಟರ್ ಸ್ವಲ್ಪ ಒತ್ತಿ, ಕಾರು ಮುಂದಕ್ಕೆ ಎಳೆಯತೊಡಗಿದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಬೇಕು. ಡ್ರೈವಿಂಗ್ ಸ್ಕೂಲಿನವರ ಹತ್ತಿರ ಇದೊಂದನ್ನು ಬೇರೆಯಾಗಿ ಕೇಳಿ ಹೇಳಿಸಿಕೊಳ್ಳಿ, ಬಹಳ ಕಡೆ ಮ್ಯಾನುಯಲ್ ಗಾಡಿಯಲ್ಲೇ ಕಲಿಸಿ ಕಳಿಸಿಬಿಡುತ್ತಾರೆ.